ಎಡಗೈಗೆ ಒಂದು ರೀಲು

ಕಳೆದ ವಾರ ಕಲ್ಯಾಣ ನಗರದ ಅಂಗಡಿಯೊಂದರಲ್ಲಿ ಗಾಳದ ದಾರ ಸುತ್ತುವ ರೀಲೊಂದನ್ನು ಕೈಗೆತ್ತಿಕೊಂಡೆ. ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳು ಎಣ್ಣೆಯ ವಾಸನೆ ಬಂತು. ಚಾಚಾ ಅವರ ಅಂಗಡಿಯ ವಾಸನೆ...

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರು ಮೀನು ಹಿಡಿಯುವ ಸಾಮಾನು ಮಾರುತ್ತಿದ್ದರು. ರಜೆಯ ದಿನ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಗಿರಾಕಿಯ ಕೈ ಹಿಡಿದು ನೋಡದೆ ಗಾಜಿನ ಕಪಾಟು ತೆರೆಯುತ್ತಿರಲಿಲ್ಲ. ಹಿಡಿತ, ಮಣಿಕಟ್ಟು, ಹೆಬ್ಬೆರಳು ನೋಡಿ, ಆಮೇಲೆ ಒಂದೇ ಒಂದು ರೀಲನ್ನು ಮುಂದಿಡುತ್ತಿದ್ದರು.

ಒಮ್ಮೆ ಒಬ್ಬಾತ ಪಟ್ಟು ಹಿಡಿದ: "ಆ ದುಂಡನೇದೇ ಕೊಡಿ ಚಾಚಾ, ಸಕತ್ತಾಗಿದೆ."

"ಅದ್ರಲ್ಲಿ ದಾರ ಓಡುವಾಗ ಹೆಬ್ಬೆರಳಲ್ಲಿ ತಡೀಬೇಕು ಗುರು. ಇಲ್ದಿದ್ರೆ ದಾರ ಸಿಕ್ಕಾಗಿ ಕಾಗೆ ಗೂಡು. ಅದು ಮೀನು ಹಿಡಿಯಲ್ಲ, ನಿಮ್ಮನ್ನೇ ಹಿಡಿಯತ್ತೆ" ಎಂದು ತಂತಿಯ ರೀಲು ಕೊಟ್ಟರು. ಅದರಲ್ಲಿ ಒಂದು ಕೈ ಕೋಲು ಹಿಡಿದರೆ, ಇನ್ನೊಂದು ಕೈ ಬಾಗಿದ ತಂತಿಯನ್ನು ಎತ್ತಿ ದಾರ ಬಿಡಬೇಕು. ಕೆಳಗಿನ ಸಾಲಿನಲ್ಲಿ ಬಟನ್ ರೀಲುಗಳಿದ್ದವು. ಹೆಬ್ಬೆರಳಿಂದ ಬಟನ್ ಒತ್ತಿ ಬೀಸಿದರೆ ಆಯಿತು, ಒಂದೇ ಕೈ ಸಾಕು. "ಅವು ಮಕ್ಕಳಿಗೆ, ಮತ್ತೆ ಹೊಸ ಅಳಿಯಂದಿರಿಗೆ" ಎಂದು ನಗುತ್ತಿದ್ದರು.

ಒಂದು ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಮೂರು ತಿಂಗಳ ಮೇಲೆ ಅಂಗಡಿಗೆ ಮರಳಿದಾಗ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮತ್ತೊಮ್ಮೆ ಕೆರೆಗೆ ಹೋಗಬೇಕು, ತಾವೇ ಗಾಳ ಎಸೆಯಬೇಕು, ಅದೊಂದೇ ಆಸೆ ಎಂದರು. ನನ್ನ ಮುಂದೆ ಎಡಗೈ ಚಾಚಿದರು.

"ಇವತ್ತು ನೀನು ನೋಡು ಬೇಟಾ. ನೀನೇ ಆರಿಸು."

ಹಿಡಿದು ನೋಡಿದೆ. ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡುವವಳು ನಾನು; ಕೂದಲೆಳೆಯಷ್ಟು ತಪ್ಪನ್ನೂ ಬಿಟ್ಟವಳಲ್ಲ. ಆ ಕೈಗೆ ಬಟನ್ ರೀಲೇ ಸರಿ ಎಂದು ತಕ್ಷಣ ತಿಳಿಯಿತು. ಆದರೆ ಅವರ ಮುಖ ನೋಡಿದೆ. ಮಕ್ಕಳ ರೀಲಿಗಾಗಿ ಕೆಳಗಿನ ಸಾಲಿಗೆ ಬಗ್ಗಲಾಗಲಿಲ್ಲ. ತಂತಿಯ ರೀಲನ್ನೇ ತೆಗೆದುಕೊಟ್ಟೆ. ಅವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಕೆ.ಆರ್. ಪುರದಾಚೆಯ ಒಂದು ಕೆರೆಗೆ ಹೋದೆವು. ಕೋಲನ್ನು ಎಡಗೈಯಲ್ಲಿ ಹಿಡಿದು, ತಂತಿಯನ್ನು ಹಲ್ಲಿನಿಂದ ಎತ್ತಲು ನೋಡಿದರು. ದಾರ ಅವರ ಕಾಲಿನ ಬಳಿಯೇ ಸುರುಳಿಯಾಗಿ ಬಿತ್ತು. ಎರಡನೇ ಸಲವೂ ಅಷ್ಟೇ. ಮೂರನೆಯ ಸಲ ತಂತಿ ತುಟಿ ಕುಯ್ದು ರಕ್ತ ಬಂತು. ನಾನು ನಿಂತೇ ಇದ್ದೆ...

"ನೀನು ಹಾಕು ಬೇಟಾ. ನಾನು ನೋಡ್ತೀನಿ" ಎಂದು ಕೋಲನ್ನು ನನ್ನ ಕೈಗಿಟ್ಟರು.

ವಾಪಸು ಬರುವಾಗ, ಕೆ.ಆರ್. ಪುರದ ತೂಗುಸೇತುವೆಯ ಬಳಿ ಟ್ರಾಫಿಕ್‌ನಲ್ಲಿ ನಿಂತಿದ್ದಾಗ, ಕರವಸ್ತ್ರವನ್ನು ತುಟಿಗೆ ಒತ್ತಿಕೊಂಡೇ ಹೇಳಿದರು: "ಕೈ ಸರಿಯಾಗೇ ನೋಡ್ದೆ. ಆಮೇಲೆ ಮುಖ ನೋಡಿ ಕೊಟ್ಬಿಟ್ಟೆ."

"ಮುಂದಿನ ವಾರ ಬಟನ್‌ದು ತಗೊಂಡ್ಹೋಗೋಣ ಚಾಚಾ."

"ತಗೊಂಡ್ಹೋಗೋಣ. ನಾನೂ ಹೊಸ ಅಳಿಯ ಅಂದ್ಕೊಂಡ್ಬಿಡು."

ಇಬ್ಬರೂ ನಕ್ಕೆವು. ಆ ಶುಕ್ರವಾರವೇ ಪಾರ್ಶ್ವವಾಯು ಎರಡನೆಯ ಸಲ ಬಡಿಯಿತು. ಅವರು ಮತ್ತೆ ಏಳಲೇ ಇಲ್ಲ. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಕಲ್ಯಾಣ ನಗರದಲ್ಲಿ ನಾನು ಕೈಗೆತ್ತಿಕೊಂಡದ್ದು ಬಟನ್ ರೀಲು. ಎಡಗೈ ಹೆಬ್ಬೆರಳಿನಿಂದ ಒತ್ತಿದೆ. ದಾರ ಎಲ್ಲೂ ಸಿಕ್ಕಿಕೊಳ್ಳದೆ ಸಡಿಲವಾಯಿತು.

"ಮಕ್ಕಳಿಗಾ ಮೇಡಂ?" ಎಂದ ಮಾರುವವನು.

"ಅಲ್ಲ, ದೊಡ್ಡವರಿಗೆ" ಎಂದೆ.

ಅವನು ಪೊಟ್ಟಣ ಕಟ್ಟಿಕೊಟ್ಟ. ಅವರ ಕೈ ಹೇಗಿದೆ ಎಂದು ಕೇಳಲಿಲ್ಲ.