ಎಣ್ಣೆ ಡಬ್ಬದ ದೀಪಗಳು

ಬಾಳೂರಿನ ಗೋಪಾಲಕೃಷ್ಣ ದೇವಸ್ಥಾನದ ಅರ್ಚಕ ಶ್ರೀಹರಿ ಆರು ವರ್ಷದಿಂದ ಚರ್ಚಿನ ಕ್ರಿಸ್‌ಮಸ್ ನಾಟಕಕ್ಕೆ ಲೈಟು ಮಾಡಿಕೊಡುತ್ತಿದ್ದಾನೆ. ಆರು ವರ್ಷದಲ್ಲಿ ಒಂದು ಸಲವೂ ಆ ಬೆಳಕು ಸ್ಟೇಜಿನ ಮೇಲೆ ಬಿದ್ದಿದ್ದನ್ನು ಅವನು ನೋಡಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ನಗುವವರಿಗೇನು ಖರ್ಚು? ಬೆಳಗಿನಿಂದ ಬೆವರು ಸುರಿಸಿ ಅಡುಗೆ ಮಾಡಿದವನಿಗೆ, ಎಲೆ ಹಾಕುವ ಹೊತ್ತಿಗೆ ಎದ್ದು ಹೋಗು ಅಂದರೆ ಹೇಗಿರುತ್ತದೆ ಅಂತ ಅವನನ್ನೇ ಕೇಳಬೇಕು.

ಅವನು ಅರ್ಚಕನಾಗಿದ್ದೂ ಹೀಗೇ ಒಂದು ಕಥೆ. ಚಿಕ್ಕಮಗಳೂರಿನಲ್ಲಿ ಐಟಿಐ ಮುಗಿಸಿ ಟೀವಿ ರಿಪೇರಿ ಅಂಗಡಿಯಲ್ಲಿ ಕೂತಿದ್ದ. ಅಪ್ಪ ಗಣಪಯ್ಯನವರ ಮೊಣಕಾಲಿಗೆ ಆಪರೇಷನ್ ಆಯಿತು. ‘ಆರು ತಿಂಗಳ ಮಟ್ಟಿಗೆ ಬಂದು ಪೂಜೆ ನೋಡ್ಕ’ ಅಂತ ಕರೆಸಿಕೊಂಡರು. ಮೊಣಕಾಲು ಸರಿಹೋಯಿತು. ಆರು ತಿಂಗಳು ಮಾತ್ರ ಹದಿನಾಲ್ಕು ವರ್ಷವಾದರೂ ಮುಗಿದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತ ಗಾದೆ ಮಾಡಿದವನಿಗೆ ಪೂಜಾರಿಯ ಅವಸ್ಥೆ ಗೊತ್ತಿರಲಿಲ್ಲ. ಪೂಜಾರಿಯನ್ನು ಬಿಡುವವರು ಯಾರು? ಬೆಳಿಗ್ಗೆ ಪೂಜೆ, ಸಂಜೆ ಏಳಕ್ಕೆ ದೀಪಾರಾಧನೆ, ವರ್ಷದ ಮುನ್ನೂರ ಅರವತ್ತೈದು ದಿನ. ಮದುವೆಯ ದಿನ ಸಂಜೆಯೂ ಅವನು ಹೆಂಡತಿ ಅಂಬುಜಾಳನ್ನು ಮನೆ ತುಂಬಿಸಿಕೊಂಡು ಹಾಗೇ ಮಡಿಯುಟ್ಟು ಗರ್ಭಗುಡಿಗೆ ಓಡಿದ್ದ.

ಚರ್ಚಿನ ನಂಟು ಶುರುವಾಗಿದ್ದು ಒಂದು ಕೆಟ್ಟ ಆಂಪ್ಲಿಫೈಯರ್‌ನಿಂದ. ಪಾಸ್ಟರ್ ಪ್ರಸನ್ನಕುಮಾರ್ ಅದನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ರಿಪೇರಿ ಮಾಡಿಸಿಕೊಂಡು ಹೋಗುವಾಗ, ‘ನಾಟಕಕ್ಕೆ ಎರಡು ಟ್ಯೂಬ್‌ಲೈಟ್ ಬಿಟ್ರೆ ಗತಿಯಿಲ್ಲ ಭಟ್ರೇ, ದೇವದೂತ ಬಂದ್ರೂ ಒಂದೇ, ಕುರಿ ಬಂದ್ರೂ ಒಂದೇ’ ಅಂದರು. ಅಷ್ಟು ಸಾಕಾಯಿತು. ಆ ರಾತ್ರಿ ಶ್ರೀಹರಿಗೆ ನಿದ್ದೆ ಬರಲಿಲ್ಲ. ಪಂಚಾಯಿತಿಯವರು ಎಸೆದ ಎಲ್‌ಇಡಿ ಬೀದಿದೀಪಗಳನ್ನು ಗೋಣಿಯಲ್ಲಿ ತುಂಬಿಕೊಂಡು ಬಂದ. ಅಂಥ ದೀಪದಲ್ಲಿ ಸಾಸಿವೆಯಷ್ಟು ಸಣ್ಣ ಹತ್ತಿಪ್ಪತ್ತು ಮಣಿಗಳಿರುತ್ತವೆ. ಒಂದು ಸತ್ತರೆ ಸಾಲಿಗೆ ಸಾಲೇ ಆರುತ್ತದೆ. ಸತ್ತದ್ದನ್ನು ಹುಡುಕಿ, ಅದರ ಮೇಲೆ ಒಂದು ಹನಿ ಸೀಸ ಬಿಟ್ಟು ಬೆಸೆದರೆ ಉಳಿದವು ಎದ್ದು ಕೂರುತ್ತವೆ. ಗೂಡಿಗೆ ಏನು ಮಾಡುವುದು? ನಂದಾದೀಪದ ಎಣ್ಣೆ ಬರುವ ತಗಡಿನ ಡಬ್ಬಗಳು ದೇವಸ್ಥಾನದ ಹಿಂದೆ ರಾಶಿ ಬಿದ್ದಿದ್ದವು. ಅದನ್ನೇ ಕತ್ತರಿಸಿ, ಒಳಗೆ ಕಪ್ಪು ಬಳಿದು, ಬಾಯಿಗೆ ಬಣ್ಣದ ಜಿಲೇಟಿನ್ ಹಾಳೆ ಕಟ್ಟಿದ. ಕೃಷ್ಣನ ಎಣ್ಣೆ ಡಬ್ಬದಿಂದ ಯೇಸುವಿಗೆ ಬೆಳಕು. ಗಣಪಯ್ಯನವರು ನೋಡಿದರು, ಬೇಡ ಅನ್ನಲಿಲ್ಲ.

ಲೈಟು ಆಡಿಸಲು ಪಾಪಮ್ಮನನ್ನು ತಯಾರು ಮಾಡಿದ. ಪಾಪಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸು, ಚರ್ಚಿನ ಹಾಡಿನ ತಂಡಕ್ಕೆ ಯಜಮಾನಿ. ಹಲಗೆಯ ಮೇಲೆ ಎಂಟು ತಿರುಗಣೆ. ತಿರುಗಿಸಿದಂತೆ ಬೆಳಕು ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಗುರುತಿಗೆ ಕೆಂಪಿನ ಪಕ್ಕ ಕುಂಕುಮದ ಬೊಟ್ಟು, ಹಳದಿಯ ಪಕ್ಕ ಅರಿಶಿನ, ನೀಲಿಗೆ ಬಟ್ಟೆಗೆ ಹಾಕುವ ನೀಲಿ. ‘ಚರ್ಚೊಳಗೆ ಕುಂಕುಮ ತಂದ್ರಲ್ಲ ಭಟ್ರೇ’ ಅಂತ ಪಾಪಮ್ಮ ನಕ್ಕಿದ್ದಳು.

ನಾಟಕ ಪ್ರತಿ ವರ್ಷ ಇಪ್ಪತ್ನಾಲ್ಕರ ಸಂಜೆ ಏಳಕ್ಕೆ. ಹಣ್ಣು ಕೊಯ್ಲಿನ ಕಾಲ. ತೂಕ ಮುಗಿಸಿ, ಮಿಂದು, ಜನ ಬರುವುದೇ ಆಗ. ಒಂಬತ್ತಕ್ಕೆ ಎಸ್ಟೇಟಿನ ಲಾರಿ ವಾಪಸು. ಹಿಂದೆ ಮುಂದೆ ಮಾಡುವ ಹಾಗಿಲ್ಲ. ಸರಿಯಾಗಿ ಏಳಕ್ಕೆ ಇಲ್ಲಿ ದೀಪಾರಾಧನೆ. ಪ್ರಸಾದ ಹಂಚಿ, ಬೀಗ ಹಾಕಿ, ಗುಡ್ಡ ದಾಟುವಷ್ಟರಲ್ಲಿ ನಾಟಕವೇ ಮುಗಿದಿರುತ್ತದೆ. ಮೊದಲ ವರ್ಷ ಶ್ರೀಹರಿ ಧೈರ್ಯ ಮಾಡಿ ಕೇಳಿದ.

‘ಅಪ್ಪಯ್ಯ, ಒಂದು ಸಂಜೆ ಕಳಸದಿಂದ ಅಜಿತನ್ನ ಕರೆಸ್ಲಾ?’

ಅಜಿತ್ ಅಂದರೆ ಅಂಬುಜಾಳ ತಮ್ಮ, ಅವನೂ ಅರ್ಚಕನೇ.

‘ಯಾಕೆ? ಜ್ವರವಾ?’

‘ಇಲ್ಲ.’

‘ಸೂತಕವಾ?’

‘ಇಲ್ಲ.’

‘ಮತ್ತೆ ದೇವ್ರಿಗೆ ಎಂತ ಅಂತ ಹೇಳಿ ಹೋಗ್ತೀಯ? ನಾಟಕ ನೋಡಕ್ಕೆ ಅಂತಲಾ?’

ಅಲ್ಲಿಗೆ ಮಾತು ಮುಗಿಯಿತು. ಆದರೆ ಸೂತಕ ಅನ್ನುವ ಮಾತು ಶ್ರೀಹರಿಯ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ದಾಯಾದಿಗಳಲ್ಲಿ ಯಾರಾದರೂ ಸತ್ತರೆ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಅರ್ಚಕ ಗರ್ಭಗುಡಿಯ ಹೊಸಿಲು ದಾಟುವಂತಿಲ್ಲ. ಹತ್ತು ದಿನ. ಅಷ್ಟೂ ದಿನ ಬೇರೆಯವರ ಪೂಜೆ. ಅವನ ಹದಿನಾಲ್ಕು ವರ್ಷದ ರಜೆಗಳೆಲ್ಲ ಹೀಗೆ ಬಂದವೇ. ಚಿಕ್ಕಜ್ಜಿ ಆಷಾಢದಲ್ಲಿ ಹೋದಳು, ಅಪ್ಪನ ಚಿಕ್ಕಪ್ಪ ಶ್ರಾವಣದಲ್ಲಿ. ಒಬ್ಬರಾದರೂ ಡಿಸೆಂಬರ್ ನೋಡಿ ಹೋಗಬಾರದೇ ಅಂತ ಒಮ್ಮೆ ಮನಸ್ಸಿಗೆ ಬಂದು, ಥೂ ಅಂತ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದ.

ಬಂದ ಯೋಚನೆ ಹೊಡೆದರೆ ಹೋಗುತ್ತದೆಯೇ? ವಸ್ತಾರೆಯಲ್ಲಿ ದೊಡ್ಡಪ್ಪ ಮಂಜಯ್ಯನವರಿದ್ದರು. ಅಪ್ಪನ ಸ್ವಂತ ಅಣ್ಣ, ತೊಂಬತ್ತು ದಾಟಿದವರು, ಹಾಸಿಗೆ ಹಿಡಿದು ಐದು ವರ್ಷ. ಚಿಕ್ಕವನಿದ್ದಾಗ ಶ್ರೀಹರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಬಾಬುಡನ್‌ಗಿರಿ ತೋರಿಸಿದವರು. ಡಿಸೆಂಬರ್ ಬಂತೆಂದರೆ ಶ್ರೀಹರಿ ಊಟಕ್ಕೆ ಕೂತಾಗ, ‘ದೊಡ್ಡಪ್ಪ ಹೇಗಿದಾರಂತೆ ಅಪ್ಪಯ್ಯ?’ ಅನ್ನುವನು. ಧ್ವನಿಯಲ್ಲಿ ಕಾಳಜಿ ಇತ್ತು. ಆದರೆ ಬರೀ ಕಾಳಜಿಯಲ್ಲ. ಅದು ಅವನಿಗೆ ಗೊತ್ತಿತ್ತು, ಬಿಸಿತುಪ್ಪದ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದ. ‘ಹಾಗೇ ಇದಾನೆ’ ಅಂತ ಗಣಪಯ್ಯನವರು ಮಜ್ಜಿಗೆ ಸುರಿದುಕೊಳ್ಳುವರು.

ಈ ವರ್ಷ ಡಿಸೆಂಬರ್ ಇಪ್ಪತ್ಮೂರು. ಧನುರ್ಮಾಸವಾದ್ದರಿಂದ ಬೆಳಕು ಹರಿಯುವ ಮೊದಲೇ ಪೂಜೆ. ಶ್ರೀಹರಿ ಹುಗ್ಗಿಯ ನೈವೇದ್ಯ ಮುಗಿಸಿ ಮನೆಗೆ ಬರುವಾಗ ಜಗಲಿಯ ಫೋನು ಇಟ್ಟ ಸದ್ದಾಯಿತು.

‘ಯಾರದು?’

‘ರಾಂಗ್ ನಂಬರ್’ ಅಂದರು ಗಣಪಯ್ಯನವರು.

ಅಂದು ಅವರು ತೀರ್ಥಕ್ಕೆ ಕೈ ಒಡ್ಡಲಿಲ್ಲ. ಮೈ ಸರಿಯಿಲ್ಲ ಅಂದರು. ಎಲೆಯನ್ನು ಜಗಲಿಗೇ ಹಾಕಿಸಿಕೊಂಡು, ತಿಂದೆ ಅನ್ನಿಸುವಷ್ಟು ತಿಂದರು. ಜ್ವರವೇನೋ ಅಂತ ಶ್ರೀಹರಿ ಹಣೆ ಮುಟ್ಟಲು ಹೋದರೆ, ‘ಮಡೀಲಿ ಇದೀಯ, ಮುಟ್ಟಬೇಡ’ ಅಂತ ಹಿಂದೆ ಸರಿದರು. ಮಾರನೆಯ ದಿನವೂ ಹಾಗೇ. ‘ಮಾವ ಹಿಂಗೆ ಒಬ್ರೇ ಕೂತಿದ್ದು ನಾ ಕಂಡಿಲ್ಲ’ ಅಂದಳು ಅಂಬುಜಾ.

ಇಪ್ಪತ್ನಾಲ್ಕರ ಮಧ್ಯಾಹ್ನ ಶ್ರೀಹರಿ ಚರ್ಚಿನ ಹಾಲ್‌ಗೆ ಹೋಗಿ ಎಲ್ಲ ಡಬ್ಬಗಳನ್ನೂ ಬಿಗಿದು, ಪಾಪಮ್ಮನಿಗೆ ಎರಡು ಸಲ ಹೇಳಿಕೊಟ್ಟ. ಈ ಸಲ ಹೊಸದೊಂದು ಮಾಡಿದ್ದ. ದೇವದೂತ ಬರುವಾಗ ಹಿಂದಿನ ಬಿಳಿ ಪರದೆಯ ಮೇಲೆ ನೀಲಿ ಬೆಳಕು ಕೆಳಗಿನಿಂದ ಏರಬೇಕು, ಬೆಳಗಿನ ಜಾವದ ಆಕಾಶದ ಹಾಗೆ. ದಿನಾ ನಸುಕಿಗೇ ಎದ್ದು ನೋಡಿದ ಆಕಾಶ ಅದು, ಅವನಿಗಿಂತ ಚೆನ್ನಾಗಿ ಅದರ ಬಣ್ಣ ಯಾರಿಗೆ ಗೊತ್ತು? ಪಾಸ್ಟರ್ ಮುಂದಿನ ಸಾಲಿನ ಕುರ್ಚಿಯೊಂದಕ್ಕೆ ‘ಭಟ್ಟರಿಗೆ’ ಅಂತ ಚೀಟಿ ಅಂಟಿಸುತ್ತಿದ್ದರು. ಆರು ವರ್ಷದಿಂದ ಅಂಟಿಸುತ್ತಾರೆ, ಆರು ವರ್ಷದಿಂದ ಅದು ಖಾಲಿ.

‘ಈ ಸಲವಾದ್ರೂ?’ ಅಂದರು.

‘ಎಲ್ಲಿಂದ ಪಾಸ್ಟರೇ’ ಅಂದ ಶ್ರೀಹರಿ.

ಏಳು ಗಂಟೆಗೆ ಅವನು ಮಂಗಳಾರತಿ ಎತ್ತಿದ. ಗುಡ್ಡದಾಚೆ ಡ್ರಮ್ಮಿನ ಸದ್ದು ಶುರುವಾಯಿತು. ಈಗ ಕುರುಬರು, ಈಗ ಕತ್ತಲು, ಈಗ ನೀಲಿ ಅಂತ ಲೆಕ್ಕ ಹಾಕುತ್ತ ಗಂಟೆ ಬಾರಿಸಿದ. ಎದುರಿಗೆ ಗರ್ಭಗುಡಿಯ ಕಲ್ಲುಗೋಡೆ, ಹದಿನಾಲ್ಕು ವರ್ಷದಿಂದ ಅದೇ ಮಸಿ. ಅಳು ಬಂತು. ಹೊಗೆಗೆ ಅಂತ ಜನ ತಿಳಿಯಲಿ ಅಂತ ಕರ್ಪೂರದ ಕಡೆ ಬಗ್ಗಿದ.

ಇಪ್ಪತ್ತೈದರ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದರೆ ಅಂಗಳದಲ್ಲಿ ಅಜಿತ್ ಚೀಲ ಹಿಡಿದು ನಿಂತಿದ್ದ. ಅವನು ಕಣ್ಣಿಗೆ ಕಣ್ಣು ಕೊಡಲಿಲ್ಲ. ಗಣಪಯ್ಯನವರು ಜಗಲಿಯಿಂದಲೇ ಅಂದರು.

‘ಹರಿ, ಬೀಗದ ಕೈ ಅಜಿತನಿಗೆ ಕೊಡು.’

ಕೊಟ್ಟ.

‘ಕೊಟ್ಟಾಯ್ತಲ್ಲ? ಮಂಜಣ್ಣ ಹೋದ. ಮೊನ್ನೆ ಬೆಳಿಗ್ಗೆ.’

ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಬೇಕು. ಶ್ರೀಹರಿಗೆ ಮೊದಲು ನೆನಪಾಗಿದ್ದು ದೊಡ್ಡಪ್ಪನ ಮುಖವಲ್ಲ. ಮೊನ್ನೆ ಅಂದರೆ ಇಪ್ಪತ್ಮೂರು. ಹಾಗಾದರೆ ನಿನ್ನೆ ಸಂಜೆ ಏಳಕ್ಕೆ ತಾನು ಬಿಡುಗಡೆಯಾಗಿದ್ದ. ಯಾರೂ ಹೇಳಲಿಲ್ಲ, ಅಷ್ಟೇ. ಆಮೇಲೆ ದೊಡ್ಡಪ್ಪನ ಹೆಗಲು ನೆನಪಾಯಿತು.

‘ನಂಗೆ ಹೇಳಬಹುದಿತ್ತಲ್ಲ ಅಪ್ಪಯ್ಯ.’

‘ಹೇಳಿದ್ರೆ ನೀನು ಒಳಗೆ ಹೋಗೋ ಹಾಗಿರ್ಲಿಲ್ಲ. ಅಜಿತ ಇವತ್ತಿನವರೆಗೆ ಬರಕ್ಕಾಗಲ್ಲ ಅಂದ. ಸುತ್ತ ಇರೋರೆಲ್ಲ ನಮ್ಮ ದಾಯಾದಿಗಳೇ. ಧನುರ್ಮಾಸದಲ್ಲಿ ದೇವ್ರಿಗೆ ಬೀಗ ಹಾಕ್ಲಾ? ನಿಂಗೆ ಹೇಳಬೇಡಿ ಅಂತ ವಸ್ತಾರೆಯವರಿಗೂ ನಾನೇ ಹೇಳ್ದೆ.’

‘ನೀವೂ ಹೋಗ್ಲಿಲ್ವಲ್ಲ?’

‘ಹೋಗಿದ್ರೆ ನಿಂಗೆ ಗೊತ್ತಾಗ್ತಿತ್ತು.’

ಒಡಹುಟ್ಟಿದ ಅಣ್ಣನ ಮುಖವನ್ನೂ ಕೊನೆಗೆ ನೋಡದೆ, ಎರಡು ದಿನ ಸಾವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಜಗಲಿಯಲ್ಲಿ ಒಬ್ಬರೇ ಕೂತಿದ್ದ ಮುದುಕನ ಮೇಲೆ ಸಿಟ್ಟು ಮಾಡುವುದು ಹೇಗೆ? ಮಾಡಲು ಆಗಲಿಲ್ಲ. ಬಿಡಲೂ ಆಗಲಿಲ್ಲ. ಶ್ರೀಹರಿ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡ.

ವಸ್ತಾರೆಗೆ ಲಕ್ಕಯ್ಯನ ಜೀಪು ಹೇಳಿದ್ದರು. ಚರ್ಚಿನ ತಿರುವು ಬಂದಾಗ ಗಣಪಯ್ಯನವರು, ‘ಲಕ್ಕಯ್ಯ, ಸ್ವಲ್ಪ ನಿಲ್ಸು’ ಅಂದರು. ಮಗನ ಕಡೆ ತಿರುಗದೆ, ‘ನೋಡ್ಕಂಡು ಬಾ’ ಅಂದರು.

ಹಬ್ಬದ ಪ್ರಾರ್ಥನೆ ಬೆಳಿಗ್ಗೆಯೇ ಮುಗಿದಿತ್ತು. ಹಾಲ್‌ನಲ್ಲಿ ಪಾಪಮ್ಮ ಒಬ್ಬಳೇ ಪರದೆಯ ಗಂಟು ಬಿಚ್ಚುತ್ತಿದ್ದಳು. ‘ಅಯ್ಯೋ ಭಟ್ರೇ, ನಿನ್ನೆ ಬರಬೇಕಿತ್ತು ನೀವು. ಆ ನೀಲಿ ಏರ್ತಿದ್ದ ಹಾಗೆ ಕೆಮ್ಮೋರು ಸೈತ ಕೆಮ್ಮಲಿಲ್ಲ’ ಅಂದಳು. ವಿಷಯ ಕೇಳಿ ಮೆತ್ತಗಾದಳು. ಗಂಟನ್ನು ಮತ್ತೆ ಬಿಗಿದು, ಅವನನ್ನು ಚೀಟಿ ಅಂಟಿಸಿದ ಕುರ್ಚಿಯಲ್ಲಿ ಕೂರಿಸಿ, ಹಲಗೆಯ ಹಿಂದೆ ಹೋಗಿ ತಿರುಗಣೆ ತಿರುಗಿಸಿದಳು.

ಹೊರಗೆ ಹತ್ತು ಗಂಟೆಯ ಬಿಸಿಲು. ಪರದೆ ಬಿಳಿಯಾಗಿಯೇ ಇತ್ತು. ಪಾಪಮ್ಮ ಓಡಾಡಿ ಕಿಟಕಿಗಳನ್ನೆಲ್ಲ ಹಾಕಿದಳು. ಮೇಲಿನ ಗಾಜಿನ ಹೆಂಚುಗಳನ್ನು ಮುಚ್ಚುವುದು ಹೇಗೆ? ಪರದೆಯ ಕೆಳಗಿನ ಅಂಚಿನಲ್ಲಿ ಒಂದು ಗೇಣು ನೀಲಿ ಇದೆಯೇನೋ ಅನ್ನಿಸಿತು, ಇಲ್ಲವೇನೋ ಅಂತಲೂ ಅನ್ನಿಸಿತು.

‘ಸಂಜೆವರೆಗೆ ಇಡಕ್ಕಾಗಲ್ಲ ಭಟ್ರೇ, ನಾಳೆ ಇಲ್ಲಿ ಮದುವೆ, ಚಪ್ಪರದೋರು ಬರ್ತಾರೆ.’

‘ಆರಿಸಿ ಪಾಪಮ್ಮ, ಸಾಕು’ ಅಂದ.

ಜೀಪು ಹೊರಟಿತು. ಆಲ್ದೂರು ದಾಟಿತು.

‘ಕಾಣ್ತಾ?’ ಅಂದರು ಗಣಪಯ್ಯನವರು.

‘ಹಗಲಲ್ಲಿ ಎಂತ ಕಾಣ್ತದೆ ಅಪ್ಪಯ್ಯ.’

‘ಡಿಸೆಂಬರ್ ಬಂದ್ರೆ ನೀನು ಮಂಜಣ್ಣನ್ನ ಕೇಳ್ತಿದ್ದೆ. ಬೇರೆ ತಿಂಗಳಲ್ಲಿ ಕೇಳ್ತಿರ್ಲಿಲ್ಲ’ ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ‘ಇನ್ನು ಮುಂದಿನ ಸೂತಕ ನನ್ನದೇ. ಅದನ್ನ ಯಾರೂ ನಿನ್ನಿಂದ ಮುಚ್ಚಿಡಕ್ಕಾಗಲ್ಲ, ಮನೆಯಲ್ಲೇ ಆಗ್ತದೆ. ಡಿಸೆಂಬರಲ್ಲೇ ಆಗ್ಲಿ ಅಂತ ನಾನೂ ದೇವ್ರಿಗೆ ಹೇಳ್ಕಂಡಿದೀನಿ, ಮಾರಾಯ.’

ಶ್ರೀಹರಿ ಅಪ್ಪನ ಕೈ ಹಿಡಿದುಕೊಂಡ. ಎರಡು ದಿನದಿಂದ ಮುಟ್ಟಿಸಿಕೊಳ್ಳದ ಕೈ, ಈಗ ಇಬ್ಬರಿಗೂ ಸೂತಕ, ಮುಟ್ಟಬಹುದಿತ್ತು. ಹಾಗನ್ನಬೇಡಿ ಅಪ್ಪಯ್ಯ ಅಂತ ಹೇಳಲು ಬಾಯಿ ತೆರೆದ. ವಸ್ತಾರೆ ಬಂದರೂ ಆ ಮಾತು ಹೊರಗೆ ಬರಲಿಲ್ಲ.