ಬೌನ್ಸರಿಂದ ಆದ ಪೆಟ್ಟು

ಸ್ನೇಹಿತರೇ, ಹರಿಹರ ರಸ್ತೆಯ ಕ್ಲಬ್ಬೊಂದರ ಬೌನ್ಸರ್ ನನ್ನನ್ನು ತಳ್ಳಿ ಕೈ ಮುರಿದು ವಾರವಾಯಿತು. ಇವತ್ತು ದೂರು ಕೊಡಲು ಠಾಣೆಗೆ ಹೋಗಿದ್ದೆ. ಹೆಡ್ ಕಾನ್‌ಸ್ಟೆಬಲ್ ಆಸ್ಪತ್ರೆಯ ಚೀಟಿ ಓದಿ ನನ್ನ ಮುಖ ನೋಡಿದರು.

“ಇದ್ರಾಗ ಕ್ರಿಕೆಟ್ ಆಡುವಾಗ ಪೆಟ್ಟಾತು ಅಂತ ಐತಲ್ರಿ.”

ಅವತ್ತು ಡಾಕ್ಟರ್ ಹೇಗಾಯಿತೆಂದು ಕೇಳಿದಾಗ ಅಪ್ಪ ಪಕ್ಕದಲ್ಲೇ ನಿಂತಿದ್ದರು; ನಾನು ಕ್ಲಬ್ಬಿಗೆ ಹೋಗುವುದು ಅವರಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಬಾರದೆಂದು “ಬೌನ್ಸರಿಂದ ಪೆಟ್ಟಾತ್ರಿ” ಅಂದಿದ್ದೆ. ಉಳಿದದ್ದನ್ನು ಡಾಕ್ಟರೇ ಊಹಿಸಿ ಬರೆದುಕೊಂಡರು. ನಾನು ತಿದ್ದಲಿಲ್ಲ.

ಇದನ್ನೆಲ್ಲ ವಿವರಿಸಿದೆ.

“ಚೆಂಡಿನ ಮ್ಯಾಲೆ ಕೇಸ್ ಹೆಂಗ್ ಹಾಕ್ಲಿ? ಡಾಕ್ಟರ್ ಹತ್ರ ತಿದ್ದಿಸ್ಕೊಂಡು ಬರ್ರಿ. ಅವತ್ತು ಆಸ್ಪತ್ರ್ಯಾಗ ಜೊತೆಗಿದ್ದ ನಿಮ್ಮ ಅಪ್ಪಾರನ್ನೂ ಕರ್ಕೊಂಡು ಬರ್ರಿ, ಸಾಕ್ಷಿ ಬೇಕು.”

ಅಪ್ಪನಿಗೆ ಹೇಳಿಬಿಡೋಣವೆಂದು ಮನೆಗೆ ಬಂದರೆ, ಅವರು ನನಗಾಗಿ ಹೊಸ ಹೆಲ್ಮೆಟ್ ತಂದಿಟ್ಟಿದ್ದಾರೆ. ಬೈಕಿನದಲ್ಲ, ಬ್ಯಾಟಿಂಗಿನದು.