ಬೈಗುಳ ನಿಂತ ವರ್ಷ

ಲಾಮಿನ್ ಎಂಬ ಊರಿಗೆ ಮದುವೆಯಾಗಿ ಬಂದ ಮೂವತ್ತು ವರ್ಷಗಳಲ್ಲಿ ಅರಮಾತಾ ಕೋಲಿ ಬೈಗುಳವಿಲ್ಲದ ಬೆಳಗನ್ನು ಕಂಡವಳಲ್ಲ. ಹಿನ್ನೀರಿನ ಕಾಂಡ್ಲಾ ಕಾಡಿನ ಬೇರುಗಳಿಗೆ ಅಂಟಿದ ಸಿಂಪಿ ಕೆತ್ತಿ ತಂದು ಮಾರಿ ಬದುಕುತ್ತಿದ್ದ ವಿಧವೆ ಅವಳು. ಬೈಯುತ್ತಿದ್ದವನು ಬೇಲಿಯಾಚೆಯ ದೋಣಿ ಕಟ್ಟುವ ಬಿರಾಮ್ ಫಾಯ್. ಅವಳದು ಜೋಲಾ ಕುಲ, ಅವನದು ಸೆರೇರ್ ಕುಲ. ಮುತ್ತಜ್ಜಂದಿರ ಕಾಲದಿಂದ ಆ ಎರಡು ಕುಲಗಳ ನಡುವೆ ಇರುವುದು ಬೈಗುಳದ ನಂಟು. ಒಬ್ಬರನ್ನೊಬ್ಬರು ತೊತ್ತು ಎನ್ನಬೇಕು, ಹೊಟ್ಟೆಬಾಕರೆಂದು ಹಂಗಿಸಬೇಕು, ಸಿಟ್ಟಾಗುವಂತಿಲ್ಲ.

“ಇನ್ನೂ ಏಳಲಿಲ್ವೇನೆ ನಮ್ಮನೆ ತೊತ್ತು?” ಎಂದು ಅವನು ಕೂಗಿದರೆ, “ನಿಮ್ಮ ತಾತನ್ನ ನಮ್ಮ ತಾತ ಒಂದು ಬುಟ್ಟಿ ಸಿಂಪಿಗೆ ಕೊಂಡಿದ್ದ. ಅದೂ ದುಬಾರಿ ಆಯ್ತು” ಎಂದು ಇವಳು ತಿರುಗಿಸುತ್ತಿದ್ದಳು.

ಎರಡು ಸಾವಿರದ ಹದಿನಾರರ ಡಿಸೆಂಬರಿನಲ್ಲಿ ಗ್ಯಾಂಬಿಯದ ಜನ ಸಾಲುನಿಂತು, ತಮಗೆ ಬೇಕಾದವರ ಚಿತ್ರವಿದ್ದ ಡ್ರಮ್ಮಿಗೆ ಮತದ ಗೋಲಿ ಹಾಕಿ, ಒಳಗಿನ ಗಂಟೆಯ ಸದ್ದು ಕೇಳಿ ಮನೆಗೆ ಮರಳಿದರು. ಇಪ್ಪತ್ತೆರಡು ವರ್ಷ ಆಳಿದ ಅಧ್ಯಕ್ಷರು ಸೋತರು. ಸೋಲನ್ನು ಒಪ್ಪಿದವರು ವಾರ ಕಳೆಯುತ್ತಲೇ ಕುರ್ಚಿ ಬಿಡಲು ಒಲ್ಲೆನೆಂದರು. ಅವರೂ ಜೋಲಾ ಕುಲದವರೇ. ಅರಮಾತಾ ಯಾವ ಡ್ರಮ್ಮಿಗೆ ಗೋಲಿ ಹಾಕಿದಳೆಂದು ಯಾರೂ ಕೇಳಲಿಲ್ಲ. ಕೇಳದೆಯೇ ತಿಳಿದವರಂತೆ ನಡೆದುಕೊಂಡರು. ಸಂತೆಯಲ್ಲಿ ಮೀನಿನವಳೊಬ್ಬಳು “ನಿಮ್ಮವರು ಯಾವಾಗ ಇಳೀತಾರಂತೆ?” ಎಂದಾಗ ಅವಳು ಬುಟ್ಟಿಯನ್ನು ಮುಚ್ಚಿಕೊಂಡು ಬಂದುಬಿಟ್ಟಳು.

ಜನವರಿಯಲ್ಲಿ, ಅವರನ್ನು ಇಳಿಸಲು ನೆರೆ ದೇಶಗಳ ಸೇನೆ ನುಗ್ಗುವ ಸುದ್ದಿ ಹಬ್ಬಿತು. ಜನ ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ಗಡಿಯತ್ತ ನಡೆದರು. ಅದೇ ವಾರ ಬಿರಾಮನ ತಾಯಿ ಕೋಂಬಾ ವಯಸ್ಸಾಗಿ ತೀರಿಕೊಂಡಳು. ಇಂಥ ಸಾವಿನ ಮನೆಗೆ ಬೈಗುಳದ ನಂಟರು ಹೋಗಿ, ಹೆಣವನ್ನೂ ಬಿಡದೆ ಗೇಲಿಮಾಡಿ, ಅಳುವವರನ್ನು ನಗಿಸಬೇಕು. ಅರಮಾತಾ ತಲೆಗೆ ಬಟ್ಟೆ ಸುತ್ತಿದಳು, ಮತ್ತೆ ಬಿಚ್ಚಿದಳು. ಈ ವಾರದಲ್ಲಿ ಜೋಲಾ ಹೆಂಗಸೊಬ್ಬಳು ಸೆರೇರರ ಹೆಣದ ಮುಂದೆ ನಕ್ಕರೆ ಏನೆಂದಾರು? ಕೊನೆಗೆ ಅರ್ಧ ಮೂಟೆ ಅಕ್ಕಿಯನ್ನೂ ನಾಲ್ಕು ಮರ್ಯಾದೆಯ ಮಾತನ್ನೂ ಕಳುಹಿಸಿ ಬಾಗಿಲು ಹಾಕಿಕೊಂಡಳು.

ಮರುದಿನ ಬೇಲಿಯ ಬಳಿ ಬಿರಾಮ್ ಕೈಮುಗಿಯುವಷ್ಟು ನಯವಾಗಿ, “ಅಕ್ಕಿ ಬಂತು, ಅರಮಾತಾ ಅವರೇ. ನಿಮ್ಮಿಂದ ಉಪಕಾರವಾಯ್ತು” ಎಂದ. ಅಂದಿನಿಂದ ಒಂದೇ ಒಂದು ಬೈಗುಳವಿಲ್ಲ.

ಆಳಿದವರು ವಿಮಾನ ಹತ್ತಿ ಹೋದರು. ಹೋದ ಹಾಸಿಗೆಗಳೆಲ್ಲ ಮರಳಿ ಬಂದವು. ಫೆಬ್ರವರಿಯಲ್ಲಿ ಹೊಸ ಅಧ್ಯಕ್ಷರು ಕ್ರೀಡಾಂಗಣದಲ್ಲಿ ಪ್ರಮಾಣ ಸ್ವೀಕರಿಸಿದಾಗ ಬೀದಿಯೇ ಕುಣಿಯಿತು. ಅರಮಾತಾ ಗಂಟು ಕಟ್ಟಿದಳು. ಬೈಯುವವರೇ ಇಲ್ಲದ ಊರಿನಲ್ಲಿ ತನಗೆ ಯಾರು ನಂಟರು? ಗಡಿಯಾಚೆ ಕಾಸಾಮಾನ್ಸಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿ, ಬರುವುದಾಗಿ ಹೇಳಿದಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಅಕ್ಕಿಯ ಮಾತು ಬಂದಾಗ ತಡೆದಳು.

“ಸೆರೇರರ ಸಾವಿಗೆ ನೀನು ಅಕ್ಕಿ ಕೊಟ್ಯಾ? ಅಲ್ವೇ, ಕಿತ್ಕೊಂಡು ಬರಬೇಕಾದೋಳು ನೀನು! ಕೊಡೋದು ಹೊರಗಿನೋರು ಕಣೆ. ನಂಟು ಕಡಿದೋನು ಅವನಲ್ಲ, ನೀನು.”

ಅರಮಾತಾ ಫೋನಿಟ್ಟು, ಕಟ್ಟಿದ್ದ ಗಂಟನ್ನು ಬಿಚ್ಚಿದಳು. ಭಯವು ಮನುಷ್ಯನಿಗೆ ಮರ್ಯಾದೆಯನ್ನು ಕಲಿಸುತ್ತದೆ, ಆದರೆ ತಪ್ಪು ಜಾಗದಲ್ಲಿ ಕಲಿಸುತ್ತದೆ.

ಕೋಂಬಾಳ ನಲವತ್ತನೆಯ ದಿನದಂದು ಬಿರಾಮನ ಅಂಗಳದಲ್ಲಿ ಪ್ರಾರ್ಥನೆ ಮುಗಿದು, ಊಟದ ಬೋಗುಣಿಗಳು ಹೊರಬರುವ ವೇಳೆಗೆ ಅರಮಾತಾ ಒಳಬಂದಳು. ಯಾರಿಗೂ ಸಲಾಮು ಹೇಳದೆ ತಲೆಬಾಗಿಲಿಗೆ ಅಡ್ಡಲಾಗಿ ಮಲಗಿಬಿಟ್ಟಳು.

“ನನ್ನ ಅಕ್ಕಿ ವಾಪಸ್ ಕೊಡು. ನನ್ನ ಅಪ್ಪಣೆ ಇಲ್ದೆ ಕೋಂಬಾ ಹ್ಯಾಗೆ ಸತ್ಲು? ಕೆಲಸಕ್ಕೆ ಕರೀತೀನಿ ಅಂತ ಓಡಿಹೋದ್ಲಾ?”

ಬಿರಾಮ್ ಕೈಯಲ್ಲಿದ್ದ ಸೌಟನ್ನು ಮೆಲ್ಲನೆ ಕೆಳಗಿಟ್ಟ.

“ನಲವತ್ತು ದಿನ,” ಎಂದ. “ಈ ಸೋಮಾರಿ ತೊತ್ತಿಗೆ ಬೇಲಿ ದಾಟೋಕೆ ನಲವತ್ತು ದಿನ ಬೇಕಾಯ್ತು.”

ಮೊದಲು ನಕ್ಕವಳು ಒಳಮನೆಯ ಯಾವಳೋ ಮುದುಕಿ. ಆಮೇಲೆ ಅಂಗಳವೇ ನಕ್ಕಿತು. ಬಿರಾಮ್ ಬಳಿಬಂದು ಕುಕ್ಕುರುಗಾಲಿನಲ್ಲಿ ಕುಳಿತು, ದನಿ ತಗ್ಗಿಸಿ ಹೇಳಿದ: “ನಿಮ್ಮವರನ್ನ ಇಳಿಸಿದ್ವಿ ಅಂತ ನಮ್ಮ ಮೇಲೆ ಮುನಿಸು ಅಂದ್ಕೊಂಡಿದ್ದೆ.”

“ನನ್ನ ಗೋಲಿ ಯಾವ ಡ್ರಮ್ಮಿಗೆ ಬಿತ್ತು ಅಂತ ನಿಂಗೇನೋ ಗೊತ್ತು, ಪೆದ್ದಾ?” ಎಂದಳು. ಅಷ್ಟು ಹೇಳುವುದರೊಳಗೆ ಕೋಂಬಾಳಿಗಾಗಿ ತಡೆದಿಟ್ಟಿದ್ದ ಅಳು ಒಮ್ಮೆಲೇ ಉಕ್ಕಿತು. ಬಿರಾಮ್ ಅವಳನ್ನು ಸಮಾಧಾನ ಮಾಡಲಿಲ್ಲ. ಬೋಗುಣಿಯ ತಳದ ಸೀದ ಅನ್ನವನ್ನು ಕೆರೆದು ತಂದು, ತೊತ್ತಿಗೆ ಇದೇ ಸಾಕೆಂದು ಮುಂದಿಟ್ಟ. ಅವಳು ಮೂಗೊರೆಸಿಕೊಂಡು, ಮಲಗಿದಲ್ಲಿಂದಲೇ ಒಂದಗುಳೂ ಬಿಡದೆ ತಿಂದಳು.

ಹೊರಡಲು ಎದ್ದ ಇಮಾಮರು ಬಾಗಿಲಲ್ಲಿ ತಡವರಿಸಿ ನಿಂತರು.

“ಅವಳು ಏಳಲ್ಲ, ದಾಟಿ ಹೋಗಿ,” ಎಂದ ಬಿರಾಮ್.

ಇಮಾಮರು ನಿಲುವಂಗಿಯನ್ನು ಎತ್ತಿಹಿಡಿದು ಅವಳನ್ನು ದಾಟಿ ಹೋದರು.